ಬಳೆ ಅಂಗಡಿಯಲ್ಲಿ ಮಾವಿನ ವಾಸನೆ

ಹೊಸದಾಗಿ ಹೆಲ್ತ್ ಇನ್ಸ್‌ಪೆಕ್ಟರ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಒಮ್ಮೊಮ್ಮೆ ನೇಸರಗಿಯ ನಮ್ಮ ಮನೆಗೆ ಬಂದು, "ಸರ್, ನೌಕರಿ ಹೆಂಗ ಇರತೈತಿ, ಸ್ವಲ್ಪ ಹೇಳ್ರಿ" ಎಂದು ಕೇಳುತ್ತಾರೆ. ನಾನು ಚುರುಮುರಿ ಕೊಟ್ಟು, ಚಹಾ ಕೊಟ್ಟು, ಮೊದಲ ಪಾಠ ಹೇಳುತ್ತೇನೆ: ಮೂಗನ್ನು ಜಾಸ್ತಿ ನಂಬಬೇಡಿ. ಅವರು ನಗುತ್ತಾರೆ. ನಾನು ಅವರಿಗಿಂತ ಜೋರಾಗಿ ನಗುತ್ತೇನೆ, ಯಾಕೆಂದರೆ ನಡೆದದ್ದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇನ್ನು ಮೇಲೆ ಬಂದವರಿಗೆಲ್ಲ ಬಾಯಿ ನೋಯಿಸಿಕೊಂಡು ಹೇಳುವುದು ಬೇಡವೆಂದು ಇದನ್ನು ಬರೆದಿಡುತ್ತಿದ್ದೇನೆ.

ನನ್ನ ಮೂಗಿನ ಮೇಲೆ ನನಗೆ ಭಾರಿ ಅಭಿಮಾನವಿತ್ತು. ನಮ್ಮದು ಬೌದ್ಧರ ಮನೆ. ಪಂಚಶೀಲದ ಐದನೆಯ ಮಾತು, ಅಂದರೆ ಅಮಲಿನ ವಸ್ತು ಮುಟ್ಟಬಾರದು ಎನ್ನುವುದನ್ನು, ಅಪ್ಪ ನಮಗೆ ಊಟದ ಜೊತೆಗೇ ಕಲಿಸಿದ್ದರು. ಬೀಡಿ ಇಲ್ಲ, ತಂಬಾಕಿಲ್ಲ, ನಶ್ಯವಂತೂ ಇಲ್ಲವೇ ಇಲ್ಲ. ಹಾಗಾಗಿ ಮೂಗು ಕಂಪನಿಯಿಂದ ಬಂದಂತೆಯೇ ಉಳಿದಿತ್ತು. ಶುರುವಿನಲ್ಲಿ ನನಗೆ ಮಲೇರಿಯಾ ಔಷಧ ಹೊಡೆಯುವ ಕೆಲಸ. ಪಂಪು ಹೊತ್ತು ಮನೆ ಮನೆ ಹೊಕ್ಕರೆ ಹೆಣ್ಣುಮಕ್ಕಳು, "ದೇವರ ಜಗಲಿ ಬಿಟ್ಟ ಹೊಡೀರಿ, ಉಪ್ಪಿನಕಾಯಿ ಗಡಗಿ ಬಿಟ್ಟ ಹೊಡೀರಿ, ಕೂಸು ಮಲಗೇತಿ, ತೊಟ್ಟಲಾ ಬಿಟ್ಟ ಹೊಡೀರಿ" ಎನ್ನುತ್ತಿದ್ದರು. ಎಲ್ಲ ಬಿಟ್ಟು ಉಳಿದ ಜಾಗದಲ್ಲಿ ಹೊಡೆದು, ಗೋಡೆಯ ಮೇಲೆ ತಾರೀಖು ಬರೆದು ಬರುತ್ತಿದ್ದೆವು. ಈಗಿನವರು ಫೋಟೊ ಹೊಡೆದು ಗ್ರೂಪಿಗೆ ಹಾಕುತ್ತಾರೆ. ಆ ಫೋಟೊಗಳಲ್ಲಿ ಗೋಡೆಗಿಂತ ನೌಕರರ ಮುಖವೇ ದೊಡ್ಡದಾಗಿರುತ್ತದೆ.

ಆಮೇಲೆ ಹೋಟೆಲು, ಮಿಠಾಯಿ ಅಂಗಡಿಗಳ ತಪಾಸಣೆ ಬಂತು. ಎಣ್ಣೆ ಎಷ್ಟು ಸಲ ಕಾದಿದೆ, ಖೋವಾ ಹಳಸಿದೆಯೇ ಇಲ್ಲವೇ, ಎಲ್ಲವನ್ನೂ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ನನ್ನನ್ನು ದೂರದಿಂದ ಕಂಡರೆ ಬೈಲಹೊಂಗಲದ ಭಜಿ ಅಂಗಡಿಯವರು ಬಾಣಲೆಗೆ ಮುಚ್ಚಳ ಹಾಕುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ನನ್ನ ಮೂಗು ಆಕಾಶ ನೋಡತೊಡಗಿತು.

ಅಷ್ಟರಲ್ಲಿ ಬಂತು ವೇಪ್. ಬ್ಯಾಟರಿಯಿಂದ ಹೊಗೆ ಬಿಡುವ ಸಿಗರೇಟು ಅದು. ಅದನ್ನು ತಯಾರಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ದಾಸ್ತಾನು ಇಡುವ ಹಾಗಿಲ್ಲ ಎಂದು ದೆಹಲಿಯಲ್ಲಿ ಕಾನೂನಾಯಿತು. ತಮಾಷೆ ಎಂದರೆ ನಮ್ಮ ಕಡೆಯ ಜನ ಅದರ ಮುಖ ಕಂಡದ್ದೇ ಕಾನೂನು ಬಂದ ಮೇಲೆ. ಸೇದಿ ಮುಗಿದರೆ ಬಿಸಾಡುವ, ಬಣ್ಣಬಣ್ಣದ ಕೊಳವೆಗಳು ಬೆಳಗಾವಿಯಿಂದ ಬಸ್ಸಿನಲ್ಲಿ, ಮೊಬೈಲ್ ಕವರಿನ ಚೀಲಗಳಲ್ಲಿ ಅಡಗಿ ಬರತೊಡಗಿದವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಕಡೆ ಸುತ್ತಿ ಅವನ್ನು ಹಿಡಿಯಲು ಒಂದು ತಂಡ ಮಾಡಿದರು. ತಂಡ ಎಂದರೆ ಮೂರೇ ಜನ. ಮುಖ್ಯಸ್ಥರು ಡಾಕ್ಟರ್ ದೇಶಪಾಂಡೆ ಸಾಹೇಬರು, ಜೀಪು ಓಡಿಸಲು ಲಾಲಸಾಬ, ಮೂಸಿ ನೋಡಲು ಈ ಕಾಂಬಳೆ, ಅಂದರೆ ನಾನು.

ಸಾಹೇಬರು ಬಂಗಾರದಂಥ ಮನುಷ್ಯ. ಹಿಂದೆ ಒಂದಕ್ಕೊಂದು ಹೊತ್ತಿಸಿ ಸಿಗರೇಟು ಸೇದುತ್ತಿದ್ದವರು, ಎದೆನೋವು ಬಂದು ಧಾರವಾಡದ ಆಸ್ಪತ್ರೆಯಲ್ಲಿ ಮಲಗೆದ್ದ ಮೇಲೆ ಬಿಟ್ಟುಬಿಟ್ಟಿದ್ದರು. ಕಾಲೇಜುಗಳಲ್ಲಿ ಭಾಷಣ ಮಾಡುವಾಗ ತಮ್ಮದೇ ಉದಾಹರಣೆ ಕೊಟ್ಟು, "ನಾ ಬಿಟ್ಟೇನಿ, ನಿಮಗೇನ ಧಾಡಿ?" ಎಂದು ಕೇಳುತ್ತಿದ್ದರು. ಅವರ ಕಿಸೆಯಲ್ಲಿ ಸದಾ ಮಾವಿನ ಪೆಪ್ಪರಮೆಂಟು. ಜೀಪು ಹತ್ತಿದ ಕೂಡಲೇ ನನಗೊಂದು, ಲಾಲಸಾಬನಿಗೊಂದು.

ಶುರುವಿನ ದಿನಗಳಲ್ಲಿ ನಾವು ಮಾಡಿದ ಅವಾಂತರಗಳನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಳ್ಳಬೇಕು. ತರಬೇತಿಯಲ್ಲಿ ವೇಪಿನ ಚಿತ್ರವೆಂದು ಒಂದು ಜೆರಾಕ್ಸ್ ಕೊಟ್ಟಿದ್ದರು. ಜೆರಾಕ್ಸಿನ ಜೆರಾಕ್ಸಾಗಿ ಅದು ಬರೀ ಕರಿ ಪಟ್ಟಿಯಾಗಿತ್ತು. ಆ ಪಟ್ಟಿಯನ್ನು ಹೋಲುವುದೆಲ್ಲ ನಮಗೆ ವೇಪೇ. ಬೈಲಹೊಂಗಲದ ಒಂದು ಪುಸ್ತಕದಂಗಡಿಯಲ್ಲಿ ಹೊಳೆಯುವ ಬಣ್ಣದ ಪೆನ್ನುಗಳ ಡಬ್ಬಿಯನ್ನೇ ಜಪ್ತು ಮಾಡಿದೆವು. ಅಂಗಡಿಯವ, "ಸರ್, ಇವು ಹುಡುಗ್ರು ಪುಸ್ತಕದಾಗ ಗೆರಿ ಹೊಡಿಯೂವು ರೀ" ಎಂದು ಬಡಕೊಂಡ. ಲಾಲಸಾಬ ಒಂದರ ಟೊಪ್ಪಿಗೆ ಬಿಚ್ಚಿ ಪಂಚನಾಮೆಯ ಕಾಗದದ ಮೇಲೆ ಗೀರಿದ. ಗಿಳಿಹಸಿರು ಬಣ್ಣ ಸಾಹೇಬರ ಸಹಿಯ ಮೇಲೆ ಹರಿಯಿತು.

ಅರಳೆ ಮಾರುಕಟ್ಟೆಯಲ್ಲಿ ಇನ್ನೊಂದು ಗಮ್ಮತ್ತು. ದಲಾಲರೊಬ್ಬರು ಗೋಣಿಚೀಲದ ಮರೆಯಲ್ಲಿ ಏನನ್ನೋ ಬಾಯಿಗಿಟ್ಟು ಎಳೆಯುತ್ತಿದ್ದರು. ನಾನು ಹಾರಿ ಕಸಿದುಕೊಂಡೆ. ಅವರು ಏದುಸಿರು ಬಿಡುತ್ತ, "ದಮ್ಮಿನ ಔಷಧ್ರೀ ಅದು, ಮೊದಲ ಕೊಡ್ರಿ, ಆಮ್ಯಾಲ ಕೇಸ್ ಹಾಕ್ರಿ" ಎಂದರು. ಕೊಟ್ಟೆವು, ಕೈ ಮುಗಿದೆವು, ಅವರಿಂದಲೇ ಚಹಾ ಕುಡಿದು ಬಂದೆವು.

ಕೊನೆಗೆ ದಾರಿ ತೋರಿಸಿದ್ದು ನನ್ನ ಮೂಗೇ. ವೇಪಿಗೆ ತಂಬಾಕಿನ ನಾತ ಇರುವುದಿಲ್ಲ. ಮಾವು, ದ್ರಾಕ್ಷಿ, ಕಲ್ಲಂಗಡಿ ಹೀಗೆ ಹಣ್ಣಿನ ವಾಸನೆ. ಹಣ್ಣು ಮಾರದ ಅಂಗಡಿಯಲ್ಲಿ ಹಣ್ಣಿನ ವಾಸನೆ ಬಂದರೆ ಹುಡುಕಬೇಕು ಎಂದು ನಾನೊಂದು ಸೂತ್ರ ಮಾಡಿದೆ. ಸವದತ್ತಿಯಲ್ಲಿ ಒಂದು ಪಂಕ್ಚರ್ ಅಂಗಡಿ ದ್ರಾಕ್ಷಿಯ ತೋಟದಂತೆ ಘಮಘಮ ಎನ್ನುತ್ತಿತ್ತು. ಹಳೆಯ ಟೈರಿನೊಳಗೆ ಕೈ ಹಾಕಿದರೆ ಮಾಲೇ ಮಾಲು. ಅಂಗಡಿಯವ ಮುಚ್ಚುಮರೆಯಿಲ್ಲದೆ, "ಗಾಲಿ ರಿಪೇರಿಯೊಳಗ ಹೊಟ್ಟಿ ತುಂಬೂದಿಲ್ರಿ. ನೀವು ಬಂದ್ ಮಾಡಿದ್ದಕ್ಕ ಇದರ ರೇಟು ಏರೇತಿ, ಅದಕ್ಕ ಇದನ್ನ ಹಿಡದ್ನಿ" ಎಂದ. ನಿಷೇಧದಿಂದ ಲಾಭವಾದವನನ್ನು ನಾನು ಮುಖಾಮುಖಿ ಕಂಡದ್ದು ಅಂದೇ.

ಸೇದುವವರ ಕಥೆ ಬೇರೆ. ಕಿತ್ತೂರಿನಲ್ಲಿ ಒಂದು ರೂಮಿನ ಹುಡುಗರೆಲ್ಲ ಸೇರಿ ಒಂದೇ ವೇಪನ್ನು ಸರದಿಯಂತೆ ಸೇದುತ್ತಿದ್ದರು. ದುಬಾರಿಯಾಯಿತೆಂದು ಕೆಲವರು ಬಿಟ್ಟರು, ಕೆಲವರು ಪಾನ್ ಅಂಗಡಿಯ ಸಿಗರೇಟಿಗೆ ತಿರುಗಿದರು. ಅದನ್ನು ಕೇಳುವವರೇ ಇರಲಿಲ್ಲ. ದಮ್ಮಿನ ದಲಾಲರ ಗೆಳೆಯನೊಬ್ಬ ಜೀಪಿಗೆ ಅಡ್ಡ ನಿಂತು, "ಬೀಡಿ ಬಿಡಾಕ ಅಂತ ಈ ಹೊಗಿ ಪೆನ್ನ ಹಿಡದ್ನಿ. ನೀವು ಪೆನ್ನ ಬಿಡಿಸಿದ್ರಿ. ಈಗ ಬೀಡಿ ಬಾ ಬಾ ಅನ್ನಾಕ ಹತ್ತೇತಿ. ನಾ ಎಲ್ಲಿಗೆ ಹೋಗ್ಲಿ ಹೇಳ್ರಿ ಸಾಹೇಬ್ರ" ಎಂದು ಕೇಳಿದ. ನಾನು ಪುಸ್ತಕದಲ್ಲಿದ್ದ ಬುದ್ಧಿಮಾತು ಹೇಳಿದೆ. ಸಾಹೇಬರು ಮಾತ್ರ ಅವನಿಗೊಂದು ಪೆಪ್ಪರಮೆಂಟು ಕೊಟ್ಟರು.

ಈಗ ರಾಮದುರ್ಗದ ಮಹಾದೇವಕ್ಕನ ವಿಷಯಕ್ಕೆ ಬರುತ್ತೇನೆ. ಪೇಟೆಯಲ್ಲಿ ಅವಳದೊಂದು ಬಳೆ ಅಂಗಡಿ. ಗಾಜಿನ ಬಳೆಯ ಜೊತೆಗೆ ಪಿನ್ನು, ಹಣೆಗಿಡುವ ಟಿಕಳಿ, ತುಟಿಬಣ್ಣ. ಬೆಳಗಾವಿಯ ವ್ಯಾಪಾರಿಯೊಬ್ಬ ಅವಳ ಮಾಲಿನ ಜೊತೆ ಚೆಂದದ ಕೊಳವೆಗಳ ಡಬ್ಬಿಯೊಂದನ್ನು ತೂರಿಸಿ ಕಳಿಸಿದ್ದ. ಅವಳು ಅವನ್ನು ಹೊಸ ನಮೂನೆಯ ತುಟಿಬಣ್ಣವೆಂದು ಕನ್ನಡಿಯ ಕೆಳಗೆ ಸಾಲಾಗಿ ಇಟ್ಟಳು. ಕಾಲೇಜಿನ ಹುಡುಗಿಯೊಬ್ಬಳು ಕೊಂಡು ತುಟಿಗೆ ತಿಕ್ಕಿ ತಿಕ್ಕಿ ಸಾಕಾಗಿ ವಾಪಸು ತಂದು, "ಯಕ್ಕಾ, ಇದು ಬಣ್ಣ ಬಿಡವಲ್ದು, ಹೊಗಿ ಬಿಡಾಕ ಹತ್ತೇತಿ" ಎಂದಳಂತೆ. ಮಹಾದೇವಕ್ಕ ಗಾಬರಿಯಾಗಿ ತಾನೇ ನಮಗೆ ಹೇಳಿಕಳಿಸಿದಳು.

ನಾವು ಹೋದಾಗ ಅವಳು ಒಬ್ಬ ಹೆಂಗಸಿಗೆ ಬಳೆ ತೊಡಿಸುತ್ತಿದ್ದಳು. ಎಡಗೈ ಮುಗಿದಿತ್ತು, ಬಲಗೈ ಬರಿದಿತ್ತು. "ಕುಂಡ್ರಿ ಸಾಹೇಬ್ರ. ಒಂದ ಕೈ ತುಂಬಿ ಒಂದ ಕೈ ಬರೇ ಇಟ್ಟು ಎಬ್ಬಸಬಾರದು. ಬಲಗೈ ಮುಗಿಸಿ ಬರತೇನಿ" ಎಂದಳು. ಅವಳ ಅಂಗಡಿಯಲ್ಲಿ ಅದು ಕಟ್ಟುನಿಟ್ಟು. ಹಾಗೆ ನಡುವೆ ಏಳುವುದು ಮುತ್ತೈದೆಗೆ ಒಳ್ಳೆಯದಲ್ಲವೆಂದು ಯಾರು ಬಂದರೂ ಅವಳು ಕೈ ಬಿಡುತ್ತಿರಲಿಲ್ಲ. ಗಾಜಿನ ಬಳೆ ತೊಡಿಸುವುದು ಅವಸರದ ಕೆಲಸವೂ ಅಲ್ಲ. ಸಾಹೇಬರು ಸುತ್ತಮುತ್ತ ನೋಡಿ, "ಅವರ ಕೈ ಆಗೂತನಕಾ ಒಳಗಿನ ಖೋಲಿ ನಾ ನೋಡಿ ಬರತೇನಿ. ಕಾಂಬಳೆ, ನೀವು ಇಲ್ಲೇ ಇರ್ರಿ" ಎಂದು ಒಳಗೆ ಹೋದರು. ಅದು ಬಳೆಯ ಡಬ್ಬಿಗಳ ಕೋಣೆ. ತಂಪಾಗಿತ್ತು, ಒಂದು ಸ್ಟೂಲಿತ್ತು, ಮಲಪ್ರಭೆಯ ಗಾಳಿ ಬರುವ ಸಣ್ಣ ಕಿಟಕಿಯಿತ್ತು. ಸಾಹೇಬರು ಹೊರಗೆ ಬಂದಾಗ ಮುಖ ಅರಳಿತ್ತು. ಕೊಳವೆಗಳ ಡಬ್ಬಿ ಪಡೆದು, "ತಾವಾಗೇ ಕೊಟ್ಟೀರಿ ಅಂತ ಈ ಸಲ ಬಿಟ್ಟೇವಿ. ಇನ್ನೊಮ್ಮೆ ಸಿಕ್ಕರ ಕೋರ್ಟು, ಜೇಲು ಎಲ್ಲಾ ಅದ" ಎಂದು ಎಚ್ಚರಿಸಿದರು. ಮಹಾದೇವಕ್ಕ ಆಗಲಿ ಎಂದು ತಲೆ ಅಲ್ಲಾಡಿಸಿದಳು.

ಅದಾದ ಮೇಲೆ ಸಾಹೇಬರಿಗೆ ರಾಮದುರ್ಗದ ಮೇಲೆ ಎಲ್ಲಿಲ್ಲದ ಮಮತೆ ಹುಟ್ಟಿತು. "ನಡೀರಿ, ಆ ಬಳಿ ಅಂಗಡಿ ಒಮ್ಮೆ ನೋಡಿ ಬರೂಣು." ಹೋದೆವು. ಮತ್ತೆ ಯಾರದೋ ಎಡಗೈ ಆಗಿ ಬಲಗೈ ಉಳಿದಿತ್ತು. ಮತ್ತೆ ಸಾಹೇಬರು ಒಳಗೆ, ನಾನು ಹೊರಗೆ. ಅವರು ಹೊರಬಂದು, "ಏನೂ ಇಲ್ಲ, ಎಲ್ಲಾ ಚೊಕ್ಕ ಅದ" ಎಂದರು. ನನ್ನ ಮೂಗು ಒಪ್ಪಲಿಲ್ಲ. ಕೋಣೆಯ ಬಾಗಿಲಿಂದ ಮಾವಿನ ವಾಸನೆ ಅಲೆಅಲೆಯಾಗಿ ಬರುತ್ತಿತ್ತು. "ಸಾಹೇಬ್ರ, ಮಾಲ ಇಲ್ಲೇ ಐತಿ" ಎಂದೆ. ಅವರು ನನ್ನ ತೋಳು ಹಿಡಿದು, "ವಾಸನಿ ಮ್ಯಾಲ ಕೇಸ್ ಆಗೂದಿಲ್ಲ ಕಾಂಬಳೆ, ನಡೀರಿ" ಎಂದು ಎಳೆದರು. ನಾನು ಬಿಡುವ ಆಸಾಮಿಯೇ? ಡಬ್ಬಿ ಡಬ್ಬಿ ಬಿಚ್ಚಿಸಿದೆ. ಹಸಿರು, ಕೆಂಪು, ಚುಕ್ಕಿ ಬಳೆಗಳೆಲ್ಲ ನೆಲಕ್ಕೆ ಬಂದವು. ಬಾಗಿಲಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟು ನೋಡುತ್ತಿದ್ದರು. ಏನೂ ಸಿಗಲಿಲ್ಲ.

ಸಿಗದಿದ್ದರೇನು, ಮಾತು ಸಿಕ್ಕಿತು. ಮಹಾದೇವಕ್ಕ ಅಮಲಿನ ಸಾಮಾನು ಮಾರುತ್ತಾಳೆ, ಸರಕಾರಿ ಜೀಪು ಮತ್ತೆ ಮತ್ತೆ ಬರುತ್ತದೆ ಎಂದು ಪೇಟೆಯಲ್ಲಿ ಗುಸುಗುಸು ಎದ್ದಿತು. ತಾಯಂದಿರು ಮಗಳಂದಿರಿಗೆ ಬೇರೆ ಅಂಗಡಿ ತೋರಿಸಿದರು. ನಾಗರ ಪಂಚಮಿ ಹತ್ತಿರ ಬಂದಿತ್ತು. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಹೊಸ ಬಳೆ ತೊಡುವ ಹಬ್ಬ; ಆ ಒಂದು ಹಬ್ಬದ ವ್ಯಾಪಾರದ ಮೇಲೆ ಅವಳ ಅಂಗಡಿ ವರ್ಷವಿಡೀ ನಿಲ್ಲಬೇಕು. ಒಂದು ದಿನ ಅವಳೇ ಬಸ್ಸು ಹತ್ತಿ ನಮ್ಮ ಆಫೀಸಿಗೆ ಬಂದಳು.

"ಕಾಂಬಳೆ ಅಣ್ಣಾರ, ನನ್ನ ಅಂಗಡ್ಯಾಗ ಏನೈತಿ, ಎಲ್ಲೈತಿ ಅಂತ ನೀವ ಹೇಳ್ರಿ. ನಾನೂ ಹುಡುಕತೇನಿ. ಬಳಿ ಅಂಗಡಿಗೆ ಹೆಸರ ಬಂಡವಾಳ ರೀ. ಹೆಸರ ಕೆಟ್ಟರ ನನ್ನ ಮುಂದ ಯಾರು ಕೈ ಚಾಚತಾರ?"

ನಾನು ಎದೆ ಸೆಟೆಸಿ, "ಅವ್ವಾರ, ಮನಷ್ಯಾ ಸುಳ್ಳ ಹೇಳತಾನ, ವಾಸನಿ ಸುಳ್ಳ ಹೇಳೂದಿಲ್ಲ" ಎಂದೆ. ಪಕ್ಕದ ಕುರ್ಚಿಯಲ್ಲಿದ್ದ ಸಾಹೇಬರಿಗೆ ಕೆಮ್ಮು ಹತ್ತಿತು. ನೀರು ಕುಡಿದರೂ ನಿಲ್ಲಲಿಲ್ಲ.

ಪಂಚಮಿಗೆ ಒಂದು ವಾರ ಉಳಿದಿತ್ತು. ನಾನು ಸಾಹೇಬರನ್ನು ಕೇಳದೆ ಠಾಣೆಗೆ ಹೇಳಿ ಒಬ್ಬ ಪೇದೆಯನ್ನು ಕರೆಸಿಕೊಂಡೆ. ಸಾಹೇಬರು, "ಇವತ್ತು ಬ್ಯಾಡ, ನನಗ ಆರಾಮ ಇಲ್ಲ" ಎಂದರು. "ಹಂಗಾರ ನೀವು ಇರ್ರಿ, ನಾವ ಹೋಗಿ ಬರತೇವಿ" ಎಂದೆ. ನಮ್ಮನ್ನಷ್ಟೇ ಅಲ್ಲಿಗೆ ಕಳಿಸಲು ಅವರಿಗೆ ಧೈರ್ಯವಾಗಲಿಲ್ಲ. ಜೀಪು ಹತ್ತಿದರು. ಅಂದು ಪೆಪ್ಪರಮೆಂಟು ಹಂಚುವುದನ್ನೂ ಮರೆತಿದ್ದರು.

ಅಂಗಡಿಯಲ್ಲಿ ಗಿರಾಕಿ ಎಂದರೆ ಒಬ್ಬಳೇ ಹುಡುಗಿ, ಮದುವೆಯ ನಂತರದ ಮೊದಲ ಪಂಚಮಿಗೆ ತವರಿಗೆ ಬಂದವಳು. ಜೊತೆಗೆ ಅವಳ ಅಜ್ಜಿ. ಎಡಗೈ ಮುಗಿದಿತ್ತು. ಜೀಪು ನಿಂತದ್ದೇ ತಡ, ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಚಿಂತೆ ಹೆಚ್ಚಾದರೆ ಚಟ ಕರೆಯುತ್ತದೆ ನೋಡಿ. ಸಾಹೇಬರು, "ಒಂದ ನಿಮಿಷ, ಒಳಗ ನೋಡಿ ಬಂದೆ" ಎಂದು ಕೋಣೆ ಹೊಕ್ಕರು. ಈ ಸಲ ನಾನು ಹೊರಗೇ ಉಳಿಯಲಿಲ್ಲ, ಎರಡು ನಿಮಿಷ ಬಿಟ್ಟು ಒಳಗೆ ನುಗ್ಗಿದೆ. ಮಾವಿನ ಸುಗ್ಗಿಯೇ ಒಳಗಿದ್ದಂತಿತ್ತು. ಸಾಹೇಬರು ಕಿಟಕಿಗೆ ಮುಖ ಮಾಡಿ ಹೊಳೆ ನೋಡುತ್ತಿದ್ದರು. ಅವರ ಪಕ್ಕದ ಡಬ್ಬಿಯ ಮುಚ್ಚಳ ವಾರೆಯಾಗಿತ್ತು. ತೆಗೆದೆ. ಹಸಿರು ಬಳೆಗಳ ನಡುವೆ ಒಂದು ಹಳದಿ ಕೊಳವೆ, ಇನ್ನೂ ಬೆಚ್ಚಗಿತ್ತು. ನನ್ನ ಜನ್ಮ ಸಾರ್ಥಕವಾಯಿತು. ಅದನ್ನು ಎತ್ತಿ ಹಿಡಿದು, "ಸಿಕ್ಕಿತು, ಸಿಕ್ಕಿತು" ಎಂದು ಕುಣಿಯುತ್ತಲೇ ಹೊರಗೆ ಬಂದೆ.

ಮಹಾದೇವಕ್ಕನ ಮುಖ ನೋಡಿದ ಮೇಲೆ ನನ್ನ ಕುಣಿತ ನಿಂತಿತು. ಅವಳು ಹುಡುಗಿಯ ಬಲಗೈ ಹಿಡಿದವಳು ಹಾಗೇ ಕಲ್ಲಾಗಿದ್ದಳು. "ಬಳಿ ಮುಟ್ಟಿ ಹೇಳತೇನಿ, ಅದು ನಂದಲ್ಲ" ಎಂದಳು. ಪೇದೆ, "ಅದನ್ನ ಠಾಣ್ಯಾಗ ಹೇಳ್ರಿ, ನಡೀರಿ" ಎಂದ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. "ಬರತೇನ್ರಿ. ಈ ಕೂಸಿನ ಮೊದಲ ಪಂಚಮಿ. ಬಲಗೈ ಮುಗಿಸಿ ಬರತೇನಿ" ಎಂದು ಬಳೆ ಏರಿಸತೊಡಗಿದಳು. ಒಂದು ಬಳೆ, ಇನ್ನೊಂದು ಬಳೆ. ಪೇದೆ ಬಾಗಿಲಿಗೆ ಒರಗಿ ಕಾದ. ಗಾಜಿನ ಸಪ್ಪಳವೊಂದೇ ಕೇಳುತ್ತಿತ್ತು. ಸಾಹೇಬರು ಕೋಣೆಯ ಬಾಗಿಲಲ್ಲಿ ಬೆವರೊರೆಸಿಕೊಳ್ಳುತ್ತ ಆ ಕೈಯನ್ನೇ ನೋಡುತ್ತಿದ್ದರು. ಕೊನೆಯ ಬಳೆ ಮಣಿಕಟ್ಟು ದಾಟಿತು. ಮಹಾದೇವಕ್ಕ ಏಳಲು ನೆಲಕ್ಕೆ ಕೈಯೂರಿದಳು.

"ಕೂಡ್ರಿ ನೀವು," ಸಾಹೇಬರು ಹೇಳಿದರು. "ಅದು ನಂದು."

ಪೇದೆ ನನ್ನ ಕಡೆ ನೋಡಿದ, ನಾನು ಲಾಲಸಾಬನ ಕಡೆ ನೋಡಿದೆ. ಲಾಲಸಾಬ ಮೇಲಿನ ಬೆಳಕಿಂಡಿ ನೋಡಿದ. ಆ ಕಳ್ಳ ಡ್ರೈವರನಿಗೆ ಎಲ್ಲ ಮೊದಲೇ ಗೊತ್ತಿತ್ತು ಅನಿಸುತ್ತದೆ. ನನ್ನ ಕಣ್ಣ ಮುಂದೆ ನಾಲ್ಕೂ ಊರಿನ ಒಳಕೋಣೆಗಳು ಮೆರವಣಿಗೆ ಹೊರಟವು. ಎಲ್ಲ ಕೋಣೆಗೂ ಸಾಹೇಬರೇ ಮೊದಲು ಹೋಗಿದ್ದರು, ಎಲ್ಲ ಕಡೆಯೂ ನಾನು ಮೂಗೆತ್ತಿ ಮೂಸಿದ್ದೆ.

"ಸಿಗರೇಟು ಬಿಡಾಕ ಅಂತ ಇದನ್ನ ಹಿಡದೆ," ಸಾಹೇಬರು ತಲೆ ತಗ್ಗಿಸಿ ಹೇಳಿದರು. "ಮನ್ಯಾಗ ಹೆಂಡತಿ, ಆಫೀಸಿನ್ಯಾಗ ನೀವೆಲ್ಲಾ. ರೇಡಿಗೆ ಬಂದಾಗಷ್ಟ ನನಗ ಏಕಾಂತ ಸಿಗತಿತ್ತು. ಕಾಂಬಳೆ, ನೀವು ಆ ಸವದತ್ತಿ ಪಂಕ್ಚರ್ ಅಂಗಡಿ ಹಿಡದ ಮ್ಯಾಲಂತೂ ನನಗ ಮಾಲ ಸಿಗೂದ ಭಾಳ ತ್ರಾಸ ಆತು."

ಮೊದಲು ನಕ್ಕವಳು ಆ ಹಲ್ಲಿಲ್ಲದ ಅಜ್ಜಿ. ಆಮೇಲೆ ಹುಡುಗಿ ನಕ್ಕಳು, ಅವಳ ಎರಡೂ ಕೈಯ ಬಳೆಗಳು ನಕ್ಕವು, ಬಾಗಿಲಲ್ಲಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪೇದೆ ಟೊಪ್ಪಿಗೆ ಮುಖಕ್ಕೆ ಹಿಡಿದುಕೊಂಡು ಹೊರಗೆ ಹೋದ. ಮಹಾದೇವಕ್ಕ ಮಾತ್ರ ನಗಲಿಲ್ಲ.

ಸಾಹೇಬರು ಅಂದೇ ತಮ್ಮ ಹೇಳಿಕೆ ತಾವೇ ಬರೆದು ಕೊಳವೆಯ ಸಮೇತ ಮೇಲಿನವರಿಗೆ ಒಪ್ಪಿಸಿದರು. ಮೇಲಿನವರು ನೋಟೀಸು ಕೊಟ್ಟು ತಂಡದಿಂದ ಅವರನ್ನು ತೆಗೆದರು. ಅದನ್ನು ತಿಳಿಸಿ ಕ್ಷಮೆ ಕೇಳಲು ಅವರು, ಜೊತೆಗೆ ನಾನು, ಮತ್ತೆ ಅಂಗಡಿಗೆ ಹೋದೆವು. ಮಹಾದೇವಕ್ಕ ಪೂರಾ ಕೇಳಿಸಿಕೊಂಡು, "ನೋಟೀಸು ನಿಮ್ಮ ಇಲಾಖೇದು, ನನಗ ಅದರಿಂದ ಏನ ಬಂತು? ನಿಜ ನೋಡಿದವರು ಓಣಿಯವರು ಅಷ್ಟ. ಊರಾಗ ಹೋದ ಹೆಸರ ಹೆಂಗ ತಿರುಗಿ ಬರತೈತಿ?" ಎಂದಳು.

"ಏನ ಮಾಡ್ಲಿ ಹೇಳ್ರಿ" ಎಂದರು ಸಾಹೇಬರು.

"ಪಂಚಮಿತನಕಾ ಬಂದು ಅಂಗಡ್ಯಾಗ ಕುಂಡ್ರಿ. ಒಳಗಲ್ಲ, ಎಲ್ಲಾರಿಗೂ ಕಾಣೂಹಂಗ ಮುಂದ."

ಸಾಹೇಬರು ರಜೆ ಹಾಕಿ ಬಂದರು. ವೇಪೂ ಇಲ್ಲ, ಸಿಗರೇಟೂ ಇಲ್ಲ. ಬಾಯಲ್ಲಿ ಏಲಕ್ಕಿ, ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. ಅವರು ಡಬ್ಬಿ ಎತ್ತಿದರೆ ಸಾಕು, ಒಳಗಿನ ಬಳೆಗಳು ತಾವಾಗೇ ಗಲಗಲ ಎನ್ನುತ್ತಿದ್ದವು. ಡಾಕ್ಟರ ಸಾಹೇಬರು ಬಳೆ ಅಂಗಡಿಯಲ್ಲಿ ಕೂತಿದ್ದಾರೆಂದು ನೋಡಲು ಬಂದವರು, ಬಂದ ತಪ್ಪಿಗೆ ಕೈ ಚಾಚಿದರು. ಅಂಗಡಿ ತುಂಬಿತು, ಕಟ್ಟೆ ತುಂಬಿತು. ನನ್ನ ಮೂಗಿಗೂ ಶಿಕ್ಷೆ ಬೇಕಲ್ಲ, ನಾನು ಬಾಗಿಲಲ್ಲಿ ಗಿರಾಕಿಗಳ ಚಪ್ಪಲಿ ಕಾಯುತ್ತಿದ್ದೆ.

ಹಬ್ಬದ ಮುನ್ನಾದಿನ, ಪರ ಊರಿಂದ ಬಂದ ಹೆಂಗಸೊಬ್ಬಳು ನೂಕುನುಗ್ಗಲಿನಲ್ಲಿ ಹೇಗೋ ಜಾಗ ಮಾಡಿಕೊಂಡು ಕೂತಳು. ಸಾಹೇಬರನ್ನು ಮೇಲಿಂದ ಕೆಳಗೆ ನೋಡಿ, "ಯಕ್ಕಾ, ಇವರ್‍ಯಾರ? ಹೊಸಾ ಆಳೇನ?" ಎಂದು ಕೇಳಿದಳು.

ಮಹಾದೇವಕ್ಕ ತಲೆ ಎತ್ತಲಿಲ್ಲ. "ದೊಡ್ಡ ಡಾಕ್ಟರ್ ಅದಾರವ್ವಾ. ನನ್ನ ಅಂಗಡಿ ಚೊಕ್ಕ ಐತಿ ಅಂತ ಊರಿಗೆ ಹೇಳಾಕ ಕುಂತಾರ. ಸಾಹೇಬ್ರ, ಆ ಕೆಂಪ ಡಬ್ಬಿ ಈ ಕಡೆ ಕೊಡ್ರಿ."